ಬಡಗಿಯ ಮೋಟಾರಿಗೆ ಒಂದು ದಿನದ ಪಾಠ

ಬಡಗಿ ಕೆಲಸ ಈಗ ಕರೆಂಟನ್ನು ನಂಬಿದ ಕೆಲಸ. ಹರಪನಹಳ್ಳಿ ತಾಲ್ಲೂಕಿನ ನೀಲಗುಂದದಂಥ ಊರಿನಲ್ಲೂ ಬಾಗಿಲು, ಕಿಟಕಿ, ಮಂಚ ಮಾಡುವವರಿಗೆ ಉಳಿ, ಕೊಡತಿಗಳ ಜೊತೆ ಕಟಿಂಗ್ ಮಷಿನ್, ಪ್ಲೇನರ್, ಡ್ರಿಲ್ಲು ಬೇಕೇ ಬೇಕು. ಅವುಗಳಲ್ಲಿ ಒಂದು ಕೈಕೊಟ್ಟರೂ ಒಪ್ಪಿಕೊಂಡ ಕೆಲಸ ಮುಂದಕ್ಕೆ ಹೋಗುತ್ತದೆ, ಆ ದಿನದ ಕೂಲಿ ಹೋಗುತ್ತದೆ.

ಯಂತ್ರ ಕೊಳ್ಳಲು ಸರ್ಕಾರದ ನೆರವು ಇದೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿತನವೂ ಒಂದು. ತರಬೇತಿಗೆ ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವು, ಶೇ 5ರ ಬಡ್ಡಿಯಲ್ಲಿ ಸಾಲ ಸಿಗುತ್ತದೆ. ಇದು ಸಣ್ಣ ಮಾತಲ್ಲ. ಆದರೆ ಕೊಟ್ಟ ಯಂತ್ರ ಎರಡು ವರ್ಷದ ಮೇಲೂ ಓಡುತ್ತಿದೆಯೇ ಎಂಬ ಪ್ರಶ್ನೆಯನ್ನೂ ಕೇಳಬೇಕು. ಅದಕ್ಕೆ ಉತ್ತರ ಬಹುಪಾಲು ಮೋಟಾರಿನಲ್ಲಿದೆ.

ಕರೆಂಟಿನಿಂದ ಓಡುವ ಕೈಯಂತ್ರಗಳಲ್ಲಿ ಸಾಮಾನ್ಯವಾಗಿ ಇರುವುದು ಕಾರ್ಬನ್ ಬ್ರಷ್ಷಿನ ಮೋಟಾರು. 4 ಇಂಚಿನ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಆ ವೇಗದಲ್ಲಿ ತಿರುಗುವ ತಾಮ್ರದ ಕಮ್ಯುಟೇಟರಿಗೆ ಒತ್ತಿಕೊಂಡಿರುವ ಬ್ರಷ್ಷು ಸವೆಯುವುದು ಸಹಜ. ಸವೆಯಲೆಂದೇ ಅದನ್ನು ಇಟ್ಟಿರುತ್ತಾರೆ. ಯಂತ್ರ ನಿಂತು ನಿಂತು ಓಡಿದರೆ, ತಟ್ಟಿದಾಗ ಮಾತ್ರ ಚಾಲೂ ಆದರೆ, ಗಾಳಿಕಿಂಡಿಯಲ್ಲಿ ಕಿಡಿ ಹೆಚ್ಚು ಕಂಡರೆ ಮೊದಲು ನೋಡಬೇಕಾದ್ದು ಬ್ರಷ್ಷನ್ನೇ. ಪ್ಲಗ್ ಕಿತ್ತು, ಪಕ್ಕದ ಮುಚ್ಚಳ ತಿರುಗಿಸಿ ತೆಗೆದು, ಎರಡನ್ನೂ ಒಟ್ಟಿಗೆ ಬದಲಿಸಬೇಕು. ಖರ್ಚು ತೀರಾ ಕಡಿಮೆ. ಈ ಸಣ್ಣ ವಿಷಯ ತಿಳಿಯದೆ ಸಾವಿರಾರು ರೂಪಾಯಿಯ ಯಂತ್ರ ಗುಜರಿ ಸೇರುವುದು ಸಲ್ಲದು.

ಹೊಸ ಬ್ರಷ್ಷು ಹಾಕಿದ ಮೇಲೂ ಕಮ್ಯುಟೇಟರಿನ ಸುತ್ತ ಬೆಂಕಿಯ ಬಳೆಯಂತೆ ಕಿಡಿ ಹರಿದರೆ ಮೋಟಾರಿನ ತಿರುಗುವ ಭಾಗವಾದ ಆರ್ಮೇಚರ್ ಮೇಲೆ ಅನುಮಾನಪಡಬೇಕು. ಕಮ್ಯುಟೇಟರಿನ ಪಕ್ಕಪಕ್ಕದ ತಾಮ್ರದ ಪಟ್ಟಿಗಳ ನಡುವೆ ಮಲ್ಟಿಮೀಟರ್ ಹಿಡಿದರೆ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ಅಳತೆ ಬರಬೇಕು. ಒಂದು ಕಡೆ ಬೇರೆ ಬಂದರೆ ಕಾಯಿಲ್ ಹೋಗಿದೆ ಎಂದರ್ಥ. ವಾರ್ನಿಶ್ ಸುಟ್ಟ ವಾಸನೆ ಬಂದರೆ ಯಂತ್ರವನ್ನು ತಕ್ಷಣ ನಿಲ್ಲಿಸಬೇಕು.

ಮೇಜಿನ ಗರಗಸ, ದೊಡ್ಡ ರಂದಾ ಯಂತ್ರಗಳ ಕಥೆ ಬೇರೆ. ಅವುಗಳಲ್ಲಿ ಸಾಮಾನ್ಯವಾಗಿ ಇರುವುದು ಇಂಡಕ್ಷನ್ ಮೋಟಾರು. ಸಿಂಗಲ್ ಫೇಸ್ ಮೋಟಾರು ಗುಂಯ್ ಎಂದು ತಿರುಗದೆ ನಿಂತರೆ ಕರೆಂಟ್ ತೆಗೆದು, ಬೆಲ್ಟ್ ಬಿಚ್ಚಿ, ಪುಲ್ಲಿಯನ್ನು ಕೈಯಿಂದ ತಿರುಗಿಸಿ ನೋಡಬೇಕು. ಬಿಗಿ ಹಿಡಿದರೆ ಬೇರಿಂಗ್. ಸಲೀಸಾಗಿ ತಿರುಗಿದರೆ ಕಂಡೆನ್ಸರ್, ಇಲ್ಲವೇ ಮರದ ಪುಡಿ ಕಟ್ಟಿಕೊಂಡ ಒಳಗಿನ ಸ್ವಿಚ್ಚು. ಕರೆಂಟ್ ತೆಗೆದ ಮೇಲೂ ಕಂಡೆನ್ಸರಿನಲ್ಲಿ ವಿದ್ಯುತ್ ಉಳಿದಿರುತ್ತದೆ, ಅದನ್ನು ಬಲ್ಬಿನ ಮೂಲಕ ಖಾಲಿ ಮಾಡದೆ ಮುಟ್ಟಬಾರದು. ತ್ರೀ ಫೇಸ್ ಮೋಟಾರಿಗೆ ಒಂದು ಫೇಸ್ ತಪ್ಪಿದರೂ ಕಾಯಿಲ್ ಸುಡುತ್ತದೆ.

ಈ ಮಾತನ್ನು ಈ ಸೀಮೆಯ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿಯ ಬೇಸಾಯದಲ್ಲಿ ಬೋರ್‌ವೆಲ್‌ನ ಪಾಲು ದೊಡ್ಡದು. ಪಂಪ್‌ಸೆಟ್ಟಿನ ಸುಟ್ಟ ಮೋಟಾರಿಗೆ ಹೊಸ ತಾಮ್ರದ ತಂತಿ ಸುತ್ತಿ ಜೀವ ಕೊಡುವ ವೈಂಡಿಂಗ್ ಅಂಗಡಿಯವರ ವಿದ್ಯೆ ಬಡಗಿಗೂ ಬೇಕಾದ ವಿದ್ಯೆ. ವೋಲ್ಟೇಜ್ ಕಡಿಮೆಯಾದಾಗ ಇಂಡಕ್ಷನ್ ಮೋಟಾರು ಭಾರ ಎಳೆಯಲು ಹೆಚ್ಚು ಕರೆಂಟ್ ಎಳೆದು ಕಾಯುತ್ತದೆ. ಉದ್ದದ, ಸಣ್ಣ ವೈರಿನಿಂದ ಕರೆಂಟ್ ಎಳೆದುಕೊಂಡರೆ ವೋಲ್ಟೇಜ್ ಇನ್ನಷ್ಟು ಇಳಿಯುತ್ತದೆ. ವೈಂಡಿಂಗ್ ಮಾಡುವವರಿಗೆ ಇದು ದಿನನಿತ್ಯದ ಅನುಭವ.

ಆದ್ದರಿಂದ ವಿಶ್ವಕರ್ಮ ಯೋಜನೆಯ 5ರಿಂದ 7 ದಿನಗಳ ಮೂಲ ತರಬೇತಿಯಲ್ಲಿ ಒಂದು ಪೂರ್ತಿ ದಿನ ಮೋಟಾರಿಗೆ ಮೀಸಲಾಗಲಿ. ಪಾಠ ಹೇಳಲು ವೈಂಡಿಂಗ್ ಅಂಗಡಿಯ ಅನುಭವಿಗಳನ್ನೇ ಸಂಭಾವನೆ ಕೊಟ್ಟು ಕರೆಸಲಿ, ಐಟಿಐಗಳ ಎಲೆಕ್ಟ್ರಿಷಿಯನ್ ವಿಭಾಗಗಳು ಕೈಜೋಡಿಸಲಿ. ಉಪಕರಣಗಳ ಜೊತೆ ಒಂದು ಮಲ್ಟಿಮೀಟರ್, ಎರಡು ಜೊತೆ ಬ್ರಷ್ಷು ಇರಲಿ.

ಕಂಪನಿಗಳ ಹೊಣೆಯೂ ಇದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿಗಾಗಿ 2022ರಲ್ಲಿ ಸಮಿತಿ ರಚಿಸಿ, ಅದೇ ವರ್ಷ ಪೋರ್ಟಲ್ ತೆರೆಯಿತು. ಮೊದಲಿಗೆ ಗುರುತಿಸಿದ್ದು ಕೃಷಿ ಯಂತ್ರ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಗೃಹೋಪಯೋಗಿ ವಸ್ತು, ವಾಹನ ಎಂಬ ನಾಲ್ಕು ಕ್ಷೇತ್ರಗಳನ್ನು. ಕೂಲಿಯವರ ಅನ್ನ ದುಡಿಯುವ ಕೈಯಂತ್ರಗಳಿಗೆ ಅಲ್ಲಿ ಹೆಸರು ಹಿಡಿದು ಒಂದು ಸ್ಥಾನ ಸಿಗಬೇಕು. ಆರ್ಮೇಚರ್, ಸ್ವಿಚ್ಚು, ಬೇರಿಂಗ್‌ಗಳ ನಂಬರು, ಬೆಲೆ, ಬಿಚ್ಚುವ ಕ್ರಮ ಕನ್ನಡದಲ್ಲಿ ಸಿಗುವಂತಾಗಬೇಕು. ಸರ್ಕಾರದ ದುಡ್ಡಿನಲ್ಲಿ ಮಾರಾಟವಾಗುವ ಯಂತ್ರಗಳಿಗಾದರೂ ಬಿಡಿಭಾಗ ತಾಲ್ಲೂಕು ಕೇಂದ್ರದಲ್ಲೇ ಸಿಗಬೇಕೆಂಬ ಷರತ್ತನ್ನು ಸರ್ಕಾರ ಈಗಲೇ ಹಾಕಬಹುದು.