ಪದವಿಯೂ ಜವಾನನ ಕೆಲಸವೂ

೨೦೧೫ನೆಯ ಇಸವಿಯಲ್ಲಿ ಉತ್ತರ ಪ್ರದೇಶದ ಸಚಿವಾಲಯವು ೩೬೮ ಜವಾನರ ಸ್ಥಾನಗಳಿಗೆ ಅರ್ಜಿಗಳನ್ನು ಕರೆಯಿತು. ಬೇಕಾದ ಯೋಗ್ಯತೆ ಎರಡೇ: ಐದನೆಯ ತರಗತಿಯ ಓದು, ಬೈಸಿಕಲ್ಲು ತುಳಿಯಲು ಬರುವುದು. ಬಂದ ಅರ್ಜಿಗಳು ಸುಮಾರು ೨೩ ಲಕ್ಷ. ಅರ್ಜಿದಾರರಲ್ಲಿ ಇನ್ನೂರಕ್ಕೂ ಮಿಕ್ಕವರು ಡಾಕ್ಟರೇಟ್ ಪಡೆದವರು.

ಇಂಥ ವಾರ್ತೆಯನ್ನು ಓದಿದ ಹಿರಿಯರು "ಯಾವ ಕೆಲಸವಾದರೇನು, ಕಾಯಕದಲ್ಲಿ ಮೇಲುಕೀಳುಂಟೆ?" ಎಂದು ಕೇಳುವುದುಂಟು. ಮಾತೇನೋ ದೊಡ್ಡದು, ಆಡಿದ ಸ್ಥಳ ಮಾತ್ರ ತಪ್ಪು. ಹನ್ನೆರಡನೆಯ ಶತಮಾನದ ಶರಣರು ಕಾಯಕವನ್ನು ಎತ್ತಿಹಿಡಿದುದು ದುಡಿಯುವವನ ಗೌರವಕ್ಕಾಗಿ. ಆಳುವವರ ಹೊಣೆಗೇಡಿತನಕ್ಕೆ ಅದನ್ನು ಮುಸುಕಾಗಿ ಹೊದಿಸುವುದು ಆ ಮಹನೀಯರಿಗೆ ಮಾಡುವ ಅಪಚಾರ. ಜವಾನನ ಕೆಲಸದಲ್ಲಿ ಹೀನತೆ ಎಳ್ಳಷ್ಟೂ ಇಲ್ಲ. ಹದಿನೈದಿಪ್ಪತ್ತು ವರ್ಷ ಓದಿಸಿ ಆ ಓದಿಗೆ ತುಕ್ಕು ಹಿಡಿಸುವ ಏರ್ಪಾಡೇ ಹೀನವಾದುದು.

ನಷ್ಟವು ಪದವೀಧರನೊಬ್ಬನದೇ ಎಂದು ತಿಳಿಯಲಾಗದು. ಐದನೆಯ ತರಗತಿಗೇ ಶಾಲೆ ಬಿಟ್ಟ ಕೂಲಿಕಾರನ ಮಗನಿಗೆ ಆ ಚಾಕರಿಯೇ ಏಣಿಯ ಮೊದಲ ಮೆಟ್ಟಿಲು. ಮೇಲಿನ ಬಾಗಿಲು ಮುಚ್ಚಿತೆಂದು ಪದವೀಧರನು ಅಲ್ಲಿಗೇ ಇಳಿದು ಬಂದರೆ ಇವನು ಎಲ್ಲಿ ಕಾಲೂರಬೇಕು?

ಓದಿಗೂ ಸರಕಾರಿ ನೌಕರಿಗೂ ಬಿದ್ದ ಗಂಟು ಹಳೆಯದು. ಇಂಗ್ಲಿಷು ಶಾಲೆಗಳಲ್ಲಿ ಕಲಿತವರಿಗೆ ನೌಕರಿಯಲ್ಲಿ ಪ್ರಾಶಸ್ತ್ಯವೆಂದು ಗವರ್ನರ್ ಜನರಲ್ ಹಾರ್ಡಿಂಜನು ೧೮೪೪ರಲ್ಲಿ ನಿರ್ಣಯಿಸಿದನು. ಆ ಸರಕಾರ ಹೋಗಿ ಎಷ್ಟೋ ಕಾಲವಾಯಿತು, ಗಂಟು ಸಡಿಲಲಿಲ್ಲ. ಆದರೆ ಓದಿದವರಿಗೆ ತಕ್ಕ ಕೆಲಸವೇ ನಾಡಿನಲ್ಲಿಲ್ಲವೆಂಬ ಮಾತು ನಿಜವೆ? ಕರ್ನಾಟಕದ ಸರಕಾರಿ ಪದವಿ ಕಾಲೇಜುಗಳನ್ನೇ ನೋಡಬಹುದು. ಅಲ್ಲಿ ಸಾವಿರಾರು ಮಂದಿ 'ಅತಿಥಿ ಉಪನ್ಯಾಸಕ'ರೆಂಬ ಹೆಸರಿನಿಂದ ತಾತ್ಕಾಲಿಕವಾಗಿ ಪಾಠ ಹೇಳುತ್ತಿರುವರು. ವರ್ಷವರ್ಷವೂ ಬರುವವನು ಎಂಥ ಅತಿಥಿ? ಪಾಠವುಂಟು, ವಿದ್ಯಾರ್ಥಿಗಳುಂಟು, ಕಲಿತವರೂ ಉಂಟು. ಕಾಯಂ ನೇಮಕವೊಂದಕ್ಕೇ ಬರ.

೨೦೨೪ರ ಜನವರಿಯಲ್ಲಿ ಆರಂಭವಾದ ಯುವನಿಧಿ ಯೋಜನೆಯು ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ ೩,೦೦೦ ರೂಪಾಯಿಗಳನ್ನು, ಹೆಚ್ಚೆಂದರೆ ಎರಡು ವರ್ಷ, ಗೊತ್ತುಮಾಡಿತು. ಹಸಿದವನಿಗೆ ಅದೊಂದು ತುತ್ತು, ಬೇಡವೆನ್ನಲಾಗದು. ಆದರೆ ಎರಡು ವರ್ಷದ ಮೇಲೆ ಅವನು ಮತ್ತೆ ಅದೇ ಅರ್ಜಿದಾರರ ಸಾಲಿನಲ್ಲಿಯೇ ನಿಲ್ಲಬೇಕು.

ಆದುದರಿಂದ ಗೃಹಸ್ಥರು ಮಗನನ್ನೋ ಮಗಳನ್ನೋ ಹಳಿಯುವ ಮೊದಲು ತಮ್ಮ ಪ್ರತಿನಿಧಿಗಳನ್ನು ಕೇಳತಕ್ಕ ಪ್ರಶ್ನೆಯೊಂದಿದೆ: ಅಧ್ಯಾಪಕನ ಸ್ಥಾನವನ್ನು ಬರಿದಾಗಿಟ್ಟು, ಅಧ್ಯಾಪಕನಾಗಬಲ್ಲವನನ್ನು ಜವಾನನ ಸಾಲಿನಲ್ಲಿ ನಿಲ್ಲಿಸುವುದು ಯಾವ ಬಗೆಯ ಮಿತವ್ಯಯ?