ಅಂಕಿಯ ಸ್ಥಾನವೂ ಆಟದ ಹಲಗೆಯೂ

ಪ್ರಾಥಮಿಕ ಪಾಠಶಾಲೆಗಳ ಲೆಕ್ಕದ ಪುಸ್ತಕದಲ್ಲಿ ಸ್ಥಾನಬೆಲೆಗೆ ಮೀಸಲಾದ ಪುಟಗಳು ಕೆಲವೇ. ಆದರೆ ಆ ಪುಟಗಳಲ್ಲಿ ಎಡವಿದ ಮಗುವು ಮುಂದೆ ದಶಕಸಹಿತ ಸಂಕಲನದಲ್ಲಿ ಎಡವುವುದು, ವ್ಯವಕಲನದಲ್ಲಿ ಎಡವುವುದು, ದಶಮಾಂಶಕ್ಕೆ ಬರುವ ವೇಳೆಗೆ ಲೆಕ್ಕವೆಂದರೆ ಬೆದರುವುದು. ‘ಇವನಿಗೆ ಗಣಿತ ಹತ್ತದು’ ಎಂದು ಐದನೆಯ ತರಗತಿಯಲ್ಲಿ ಉಪಾಧ್ಯಾಯರು ಕೈಬಿಟ್ಟ ಹುಡುಗನ ರೋಗದ ಮೂಲವನ್ನು ಹುಡುಕಿಕೊಂಡು ಹೋದರೆ, ಬಹುಮಟ್ಟಿಗೆ ಅದು ಅವನು ಎರಡನೆಯ ತರಗತಿಯಲ್ಲಿ ‘ನೂರ ಐದು’ ಎಂಬುದನ್ನು ೧೦೦೫ ಎಂದು ಬರೆದ ದಿನದಲ್ಲಿಯೇ ಸಿಕ್ಕುವುದು. ಅವನು ಬರೆದುದು ಮೂರ್ಖತನವಲ್ಲ. ಕಿವಿಗೆ ಮೊದಲು ನೂರು ಬಿದ್ದಿತು, ನೂರನ್ನು ಬರೆದನು. ಆಮೇಲೆ ಐದು ಬಿದ್ದಿತು, ಐದನ್ನು ಬರೆದನು. ನುಡಿಯ ನಿಯಮವು ಬೇರೆ, ಬರಹದ ನಿಯಮವು ಬೇರೆಯೆಂಬುದನ್ನು ಅವನಿಗೆ ಯಾರೂ ಕಣ್ಣಿಗೆ ಕಾಣುವಂತೆ ತೋರಿಸಲಿಲ್ಲ.

ಗ್ರಾಮಾಂತರ ಪ್ರದೇಶಗಳ ಮಕ್ಕಳ ಕಲಿಕೆಯನ್ನು ಮನೆಮನೆಗೂ ಹೋಗಿ ಪರೀಕ್ಷಿಸುವ ‘ಅಸರ್’ ವರದಿಯನ್ನು ನಮ್ಮ ಅಧಿಕಾರಿಗಳು ಓದಿರುವರೆಂದು ನಂಬುತ್ತೇವೆ. ದೇಶದ ಮೂರನೆಯ ತರಗತಿಯ ಮಕ್ಕಳಲ್ಲಿ ಎರಡಂಕಿಯ ವ್ಯವಕಲನವನ್ನಾದರೂ ಮಾಡಬಲ್ಲವರು ೨೦೧೮ರಲ್ಲಿ ನೂರಕ್ಕೆ ೨೮.೨ ಮಂದಿ, ೨೦೨೨ರಲ್ಲಿ ೨೫.೯ ಮಂದಿ, ೨೦೨೪ರಲ್ಲಿ ೩೩.೭ ಮಂದಿ. ಏರಿತೆಂದು ಸಂತೋಷಪಡುವವರು ಪಡಲಿ. ಮೂವರಲ್ಲಿ ಇಬ್ಬರು ಇನ್ನೂ ಹೊರಗೆ ನಿಂತಿದ್ದಾರೆ. ಆ ವ್ಯವಕಲನವೆಂದರೆ ಏನು? ಹತ್ತರ ಸ್ಥಾನದಿಂದ ಒಂದು ಹತ್ತನ್ನು ಸಾಲ ತೆಗೆದು ಬಿಡಿಯ ಸ್ಥಾನದಲ್ಲಿ ಮುರಿಯುವುದು. ಅಂದರೆ ಇಲ್ಲಿ ಪರೀಕ್ಷೆಗೆ ಬಿದ್ದಿರುವುದು ಸ್ಥಾನಬೆಲೆಯೇ. ರಾಷ್ಟ್ರಕೂಟ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ತನ್ನ ಗಣಿತಸಾರಸಂಗ್ರಹದಲ್ಲಿ ಏಕ, ದಶ, ಶತ ಎಂದು ಮೊದಲ್ಗೊಂಡು ೨೪ ಸ್ಥಾನಗಳಿಗೆ ಹೆಸರಿಟ್ಟನು. ಅಂತಹ ನಾಡಿನ ಮಗುವಿಗೆ ಮೂರು ಸ್ಥಾನಗಳು ತಿಳಿಯದೆ ಹೋಗುವುದು ನಮಗೆಲ್ಲರಿಗೂ ನಾಚಿಕೆಯ ವಿಷಯ.

ಬೇತಮಂಗಲದಂತಹ ಊರಿನಲ್ಲಿ ಈ ತೊಡಕಿಗೆ ಇನ್ನೊಂದು ಎಳೆಯೂ ಸೇರಿಕೊಳ್ಳುತ್ತದೆ. ಪಾಲಾರ್ ನದಿಯ ಈ ಕೆರೆಯೂರು ಚಿನ್ನದ ಗಣಿಗಳಿಗೆ ನೀರನ್ನು ಕೊಟ್ಟಿತು, ಈಗ ಕೆ.ಜಿ.ಎಫ್. ತಾಲೂಕಿಗೆ ಸೇರಿದೆ. ಇಲ್ಲಿ ಮಗುವು ಮನೆಯಲ್ಲಿ ತೆಲುಗನ್ನೋ ತಮಿಳನ್ನೋ ಉರ್ದುವನ್ನೋ ಆಡಿ, ಶಾಲೆಯಲ್ಲಿ ಕನ್ನಡದಲ್ಲಿ ಎಣಿಸುವುದು ಅಪರೂಪವಲ್ಲ. ಕನ್ನಡವೂ ತೆಲುಗೂ ತಮಿಳೂ ಹತ್ತನ್ನು ಮೊದಲು ಹೇಳಿ ಬಿಡಿಯನ್ನು ಆಮೇಲೆ ಹೇಳುತ್ತವೆ. ಇಪ್ಪತ್ತೈದು ಎಂದರೆ ಇಪ್ಪತ್ತು ಮತ್ತು ಐದು. ಉರ್ದುವಿನ ‘ಪಚ್ಚೀಸ್’ ಎಂಬುದರಲ್ಲಿ ಐದು ಮೊದಲು ಬಂದು ಇಪ್ಪತ್ತು ಆಮೇಲೆ ಬರುವುದು. ತಮಿಳಿನಲ್ಲಿ ತೊಂಬತ್ತಕ್ಕೆ ‘ತೊಣ್ಣೂರು’ ಎನ್ನುವರು. ನೂರಾಗದ ಸಂಖ್ಯೆಯ ಹೆಸರಿನೊಳಗೆ ನೂರು ಅಡಗಿ ಕುಳಿತಿದೆ. ಹೀಗೆ ಕಿವಿಗಳಿಗೆ ಹಲವು ಪದ್ಧತಿಗಳು ಬೀಳುವ ಕಡೆಯಲ್ಲಿ ಮಗುವಿಗೆ ಕಿವಿಯ ಸಾಕ್ಷಿ ಸಾಲದು. ಕಣ್ಣಿನ ಸಾಕ್ಷಿ ಬೇಕು, ಕೈಯ ಸಾಕ್ಷಿ ಬೇಕು.

ಆ ಸಾಕ್ಷಿಯನ್ನು ಆಟದ ಬಯಲಿನಲ್ಲಿ ಹುಡುಕಬೇಕೆಂದು ನಾವು ಹೇಳುತ್ತಿದ್ದೇವೆ.

ಕ್ರಿಕೆಟ್ ಪಂದ್ಯಗಳಲ್ಲಿ ಹಿಂದೆ ಇರುತ್ತಿದ್ದ, ಈಗಲೂ ಸಣ್ಣ ಊರುಗಳಲ್ಲಿ ಅಲ್ಲಲ್ಲಿ ಉಳಿದಿರುವ, ಕರಿಯ ಹಲಗೆಯನ್ನು ವಾಚಕರು ನೆನಪಿಗೆ ತಂದುಕೊಳ್ಳಬೇಕು. ಮೂರು ಕೊಕ್ಕೆಗಳು, ಅವುಗಳಿಗೆ ತೂಗುಹಾಕುವ ತಗಡಿನ ಅಂಕಿಗಳು. ಬಲಗಡೆಯ ಕೊಕ್ಕೆ ಬಿಡಿಯದು, ನಡುವಿನದು ಹತ್ತರದು, ಎಡಗಡೆಯದು ನೂರರದು. ಇದಕ್ಕಿಂತ ಉತ್ತಮವಾದ ಸ್ಥಾನಬೆಲೆಯ ಪಟವನ್ನು ಯಾವ ವಿದ್ವಾಂಸನೂ ರಚಿಸಿಲ್ಲ. ತಂಡದ ಓಟಗಳು ೯೯ ಆಗಿರುವಾಗ ಇನ್ನೊಂದು ಓಟ ಬಂದರೆ, ಹಲಗೆಯ ಬಳಿಯ ಹುಡುಗನು ಎರಡು ಒಂಬತ್ತುಗಳನ್ನೂ ಕಳಚಿ, ಎರಡು ಸೊನ್ನೆಗಳನ್ನು ಸಿಕ್ಕಿಸಿ, ಅದುವರೆಗೆ ಬರಿದಾಗಿದ್ದ ಎಡಗಡೆಯ ಕೊಕ್ಕೆಗೆ ಒಂದನ್ನು ಹಾಕಬೇಕು. ಒಂದೇ ಓಟಕ್ಕೆ ಮೂರು ತಗಡುಗಳು! ‘ಹತ್ತು ಬಿಡಿಗಳು ಒಂದು ಹತ್ತಾಗುವುವು, ಹತ್ತು ಹತ್ತುಗಳು ಒಂದು ನೂರಾಗುವುವು’ ಎಂಬ ವಾಕ್ಯವನ್ನು ನೂರು ಸಾರಿ ಒಪ್ಪಿಸಿದ ಹುಡುಗನಿಗೆ ತಿಳಿಯದುದು ಈ ಮೂರು ತಗಡುಗಳನ್ನು ಒಮ್ಮೆ ಬದಲಾಯಿಸಿದವನಿಗೆ ತಿಳಿಯುವುದು. ಮಿಂಚಿನ ದೀಪಗಳ ಹಲಗೆಗಳು ಬಂದ ಮೇಲೆ ಅಂಕಿಗಳು ತಾವಾಗಿಯೇ ಬದಲಾಗುತ್ತವೆ; ಅದರಿಂದ ನೋಡುವವರಿಗೆ ಅನುಕೂಲ, ಕಲಿಯುವವರಿಗೆ ನಷ್ಟ.

ಹಲಗೆಯ ತಪ್ಪು ಎಷ್ಟು ದುಬಾರಿಯಾಗಬಹುದೆಂಬುದಕ್ಕೆ ಒಂದು ಪ್ರಸಿದ್ಧ ಪ್ರಸಂಗವಿದೆ. ೧೯೫೯ರಲ್ಲಿ ಕರಾಚಿಯಲ್ಲಿ ಹನೀಫ್ ಮಹಮ್ಮದರು ೪೯೯ ಓಟಗಳಿಗೆ ರನೌಟಾದರು. ದಿನದಾಟ ಮುಗಿಯಲು ಎರಡು ಚೆಂಡುಗಳು ಉಳಿದಿದ್ದಾಗ ಹಲಗೆಯಲ್ಲಿ ತಮ್ಮ ಓಟಗಳು ೪೯೬ ಎಂದು ಕಾಣುತ್ತಿದ್ದುವೆಂದೂ, ನಿಜವಾಗಿ ೪೯೮ ಆಗಿದ್ದುದು ತಿಳಿದಿದ್ದರೆ ಅವಸರಪಡುತ್ತಿರಲಿಲ್ಲವೆಂದೂ ಅವರು ಹೇಳಿದ್ದುಂಟು. ಬಿಡಿಯ ಕೊಕ್ಕೆಯ ಒಂದು ತಗಡು ಹಿಂದೆ ಬಿದ್ದಿತು; ಐನೂರು ತಪ್ಪಿತು. ಇದನ್ನು ಮೂರನೆಯ ತರಗತಿಯಲ್ಲಿ ಹೇಳಿ, ೪೯೯ಕ್ಕೆ ಒಂದನ್ನು ಕೂಡಿಸಿರೆಂದರೆ ನಿದ್ದೆಮಾಡುವ ಮಗುವು ಒಂದೂ ಇರದು.

ದಿನಪತ್ರಿಕೆಯ ಕ್ರೀಡಾಪುಟವೇ ಒಂದು ಅಕ್ಷಯಪಾತ್ರೆ. ಭಾಗವತ ಚಂದ್ರಶೇಖರರು ೫೮ ಟೆಸ್ಟುಗಳಲ್ಲಿ ೨೪೨ ವಿಕೆಟ್‌ಗಳನ್ನು ಉರುಳಿಸಿದರು; ಹೊಡೆದ ಓಟಗಳು ೧೬೭ ಮಾತ್ರ. ಓಟಗಳು ಹೆಚ್ಚೋ ವಿಕೆಟ್‌ಗಳು ಹೆಚ್ಚೋ? ಬಿಡಿಯ ಸ್ಥಾನದಲ್ಲಿ ಏಳು ಎರಡಕ್ಕಿಂತ ದೊಡ್ಡದು, ಹತ್ತರ ಸ್ಥಾನದಲ್ಲಿ ಆರು ನಾಲ್ಕಕ್ಕಿಂತ ದೊಡ್ಡದು. ಆದರೂ ೧೬೭ ಸೋಲುವುದು, ಏಕೆಂದರೆ ನೂರರ ಸ್ಥಾನವು ಮಿಕ್ಕ ಎರಡರ ಮಾತನ್ನೂ ಕೇಳದು. ರಾಹುಲ ದ್ರಾವಿಡರ ಟೆಸ್ಟ್ ಓಟಗಳು ೧೩,೨೮೮. ಅಕ್ಕಪಕ್ಕದಲ್ಲಿ ನಿಂತ ಎಂಟುಗಳೆರಡರ ಮುಖಬೆಲೆ ಒಂದೇ, ಆದರೆ ಒಂದು ಎಂಬತ್ತು, ಇನ್ನೊಂದು ಬರಿಯ ಎಂಟು. ಭದ್ರಾವತಿಯ ವಿಶ್ವನಾಥರ ಓಟಗಳು ೬,೦೮೦. ಸೊನ್ನೆಗಳನ್ನು ಅಳಿಸಿದರೆ ೬೮ ಉಳಿಯುವುದು, ಹದಿನಾಲ್ಕು ಶತಕಗಳ ದಾಂಡಿಗನ ಬಾಳುವೆಯ ದುಡಿಮೆಯು ಒಂದು ಮಧ್ಯಾಹ್ನದ ಆಟಕ್ಕೆ ಇಳಿಯುವುದು. ‘ಸೊನ್ನೆಗೆ ಬೆಲೆಯಿಲ್ಲ’ ಎನ್ನುವ ಹುಡುಗನಿಗೆ ಇದಕ್ಕಿಂತ ಬೇರೆ ಉತ್ತರ ಬೇಕೆ? ಶತಕ, ಅರ್ಧಶತಕಗಳೆಂಬ ಮಾತುಗಳು ಪಂದ್ಯದ ವರ್ಣನೆಯಿಂದಲೇ ಮಕ್ಕಳ ನಾಲಗೆಗೆ ಬಂದುಬಿಟ್ಟಿವೆ. ನೂರರ ಸ್ಥಾನದ ಹೆಸರನ್ನು ಬಲ್ಲ ಮಗುವಿಗೆ ಆ ಸ್ಥಾನವನ್ನು ತೋರಿಸುವುದಷ್ಟೇ ಉಳಿದಿದೆ.

೧೯೭೭ರಲ್ಲಿ ನ್ಯೂಜಿಲೆಂಡಿನ ಡುನೆಡಿನ್ನಿನಲ್ಲಿ ಬೆಂಗಳೂರಿನ ಶಾಂತಾ ರಂಗಸ್ವಾಮಿಯವರು ೧೦೮ ಓಟಗಳನ್ನು ಹೊಡೆದರು. ಭಾರತದ ಮಹಿಳೆಯೊಬ್ಬರ ಮೊದಲ ಟೆಸ್ಟ್ ಶತಕವದು. ಈ ನೂರ ಎಂಟನ್ನು ಹೆಣ್ಣುಮಕ್ಕಳ ಪಾಠಕ್ಕೆಂದು ನಾವು ವಿಶೇಷವಾಗಿ ಆರಿಸುತ್ತೇವೆ. ನಡುವಿನ ಸೊನ್ನೆ ಅಲ್ಲಿ ಕಾವಲು ನಿಂತಿದೆ. ಅಷ್ಟೋತ್ತರಕ್ಕೆ ೧೦೮ ಹೆಸರುಗಳೆಂದು ಮನೆಯ ಪೂಜೆಯಲ್ಲಿ ಕೇಳಿದ, ಮಠಗಳ ಫಲಕಗಳಲ್ಲಿ ೧೦೦೮ ಎಂದು ಬಿರುದಿನೊಡನೆ ಬರೆದಿರುವುದನ್ನು ಕಂಡ ಮಗುವಿಗೆ ಈ ಎರಡರ ಅಂತರವೆಷ್ಟೆಂದು ಕೇಳಿ ನೋಡಬೇಕು. ದೊಡ್ಡವರನ್ನು ಕೇಳಿದರೂ ನಷ್ಟವಿಲ್ಲ.

ಡಾನ್ ಬ್ರಾಡ್ಮನ್ನರ ಕಥೆಯನ್ನು ನಾಲ್ಕನೆಯ ತರಗತಿಗೆ ಇಡಬಹುದು. ೧೯೪೮ರ ಆಗಸ್ಟ್ ೧೪ರಂದು ಲಂಡನ್ನಿನ ಓವಲ್ ಮೈದಾನದಲ್ಲಿ ಅವರು ಸೊನ್ನೆಗೆ ಔಟಾದರು. ಒಟ್ಟು ಓಟಗಳು ೬,೯೯೬ಕ್ಕೆ ನಿಂತುವು. ಇನ್ನು ನಾಲ್ಕು ಬಂದಿದ್ದರೆ? ಬಿಡಿಯು ತುಂಬಿ ಹತ್ತಕ್ಕೆ, ಹತ್ತು ತುಂಬಿ ನೂರಕ್ಕೆ, ನೂರು ತುಂಬಿ ಸಾವಿರಕ್ಕೆ ಹರಿದು ೭,೦೦೦ ಆಗುತ್ತಿದ್ದಿತು. ೭೦ ಸಾರಿ ಔಟಾದವರ ಸರಾಸರಿಯು ಸರಿಯಾಗಿ ನೂರಾಗುತ್ತಿದ್ದಿತು. ಆದುದು ೯೯.೯೪. ಕೆರೆ ತುಂಬಿ ಕೋಡಿ ಹರಿದು ಕೆಳಗಿನ ಕೆರೆಯನ್ನು ತುಂಬುವುದನ್ನು ಕಂಡ ಕೋಲಾರದ ಸೀಮೆಯ ಮಕ್ಕಳಿಗೆ ಈ ದಶಕದ ಹರಿವನ್ನು ವಿವರಿಸಲು ಹೆಚ್ಚು ಮಾತು ಬೇಡ.

ಸ್ಥಾನ ಸಾಲದೆ ಹೋದರೆ ಏನಾಗುವುದೆಂಬುದನ್ನು ೧೯೭೬ರ ಮಾಂಟ್ರಿಯಲ್ ಒಲಿಂಪಿಕ್ಸ್ ಲೋಕಕ್ಕೆ ತೋರಿಸಿತು. ರುಮಾನಿಯಾದ ಹದಿನಾಲ್ಕು ವರ್ಷದ ಬಾಲಿಕೆ ನಾದಿಯಾ ಕೊಮನೆಚಿ ಅಂಗಸಾಧನೆಯಲ್ಲಿ ಹತ್ತಕ್ಕೆ ಹತ್ತು ಪಡೆದಳು. ಹಲಗೆಯಲ್ಲಿ ಮೂರು ಅಂಕಿಗಳಿಗೆ ಮಾತ್ರ ಎಡೆಯಿದ್ದಿತು, ೧೦.೦೦ ಎಂದು ತೋರಿಸಲಾರದೆ ಅದು ೧.೦೦ ಎಂದು ತೋರಿಸಿತು. ಪರಿಪೂರ್ಣತೆಯು ಒಂದಾಗಿ ಕಂಡಿತು.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳದೆ ಇರಲಾಗದು. ಆಟದ ಅಂಕಿಗಳೆಲ್ಲವೂ ಹತ್ತರ ಪದ್ಧತಿಗೆ ಒಳಪಟ್ಟವಲ್ಲ. ೧೯೯೯ರಲ್ಲಿ ದೆಹಲಿಯಲ್ಲಿ ಅನಿಲ ಕುಂಬ್ಳೆಯವರು ಪಾಕಿಸ್ತಾನದ ಹತ್ತು ವಿಕೆಟ್‌ಗಳನ್ನೂ ೭೪ ಓಟಗಳಿಗೆ ಪಡೆದಾಗ ಎಸೆದುದು ೨೬.೩ ಓವರುಗಳು. ಅಲ್ಲಿನ ಚುಕ್ಕೆಯು ದಶಮಾಂಶದ ಚುಕ್ಕೆಯಲ್ಲ. ೨೬ ಓವರುಗಳೂ ಮೂರು ಚೆಂಡುಗಳೂ ಎಂದರ್ಥ, ಅಂದರೆ ಇಪ್ಪತ್ತಾರೂವರೆ. ಅಲ್ಲಿ ಆರು ಸೇರಿದರೆ ಒಂದಾಗುವುದು. ಎಳೆಯ ಮಕ್ಕಳ ಮುಂದೆ ಇದನ್ನು ತಂದರೆ ಕಲಿತುದೂ ಕೆಡುವುದು. ಐದನೆಯ ತರಗತಿಯವರೆಗೆ ಓವರುಗಳನ್ನು ಮುಟ್ಟಲೇಬಾರದೆಂದು ನಮ್ಮ ಅಭಿಪ್ರಾಯ. ಹಾಗೆಯೇ ಆಟಗಾರರ ಹರಾಜಿನ ಕೋಟಿಗಳನ್ನು ಪಾಠಕ್ಕೆ ತರುವ ಉತ್ಸಾಹಿಗಳಿದ್ದಾರೆ. ಕೋಟಿಯ ಸ್ಥಾನವನ್ನು ಕಲಿಸಲು ಮನುಷ್ಯರ ಬೆಲೆಪಟ್ಟಿಯೇ ಬೇಕೇನು? ಜನಗಣತಿಯಿದೆ.

ಮಕ್ಕಳ ಕೈಗೆ ಮೊದಲು ಬರಬೇಕಾದುದು ಹುಣಸೆಬೀಜ, ಹತ್ತು ಹತ್ತು ಕಡ್ಡಿಗಳ ಕಟ್ಟು. ಈ ಮಾತಿನಲ್ಲಿ ನಮಗೆ ಭಿನ್ನಾಭಿಪ್ರಾಯವಿಲ್ಲ. ಹೆಗ್ಗಡದೇವನಕೋಟೆಯಲ್ಲಿ ೧೯೯೫ರಲ್ಲಿ ಮೊಳೆತ ‘ನಲಿ-ಕಲಿ’ ಪದ್ಧತಿಯೂ, ಅಕ್ಷರ ಫೌಂಡೇಶನ್ನಿನ ‘ಗಣಿತ ಕಲಿಕಾ ಆಂದೋಲನ’ದವರು ಸರ್ಕಾರಿ ಶಾಲೆಗಳಿಗೆ ಒದಗಿಸಿರುವ ಸಾಮಗ್ರಿಗಳ ಪೆಟ್ಟಿಗೆಗಳೂ ಈ ದಾರಿಯನ್ನೇ ಹಿಡಿದಿವೆ. ಪೆಟ್ಟಿಗೆಯನ್ನು ಬೀರುವಿನಿಂದ ಹೊರಗೆ ತೆಗೆಯುವ ಶಾಲೆಯಲ್ಲಿ ಅದರ ಫಲವೂ ಕಾಣುವುದು. ಆದರೆ ಕಡ್ಡಿಗಳ ಕಟ್ಟು ಶಾಲೆಯ ಗೋಡೆಯೊಳಗೇ ಉಳಿಯುವುದು; ಬಿಡುವಿನ ಗಂಟೆಯಲ್ಲಿ ಮಗುವು ಅದನ್ನು ನೆನೆಯದು. ಆಟದ ಅಂಕಿಯನ್ನಾದರೋ ಮಗುವು ಮನೆಗೆ ಕೊಂಡೊಯ್ದು, ಅಣ್ಣನೊಡನೆ ವಾದಿಸಿ, ಮರುದಿನ ಹಿಂದಕ್ಕೆ ತರುವುದು.

ಕ್ರಿಕೆಟ್ಟೇ ಏಕೆಂದು ಕೇಳುವವರ ಪ್ರಶ್ನೆಯು ನ್ಯಾಯವಾದುದು. ಗಣಿಯ ಊರಿನಲ್ಲಿ ಹುಟ್ಟಿದ ಕೆನೆತ್ ಪೊವೆಲ್ಲರು ೧೯೬೪ರ ಟೋಕಿಯೋ ಒಲಿಂಪಿಕ್ಸಿನಲ್ಲಿ ಓಡಿದವರು, ೧೯೬೫ರಲ್ಲಿ ಅರ್ಜುನ ಪ್ರಶಸ್ತಿಯನ್ನು ಪಡೆದವರು. ಈ ಸೀಮೆಗೆ ಓಟವೂ ಜಿಗಿತವೂ ಹೊಸತಲ್ಲ. ಹೋಬಳಿಯ ಕ್ರೀಡಾಕೂಟದ ಉದ್ದಜಿಗಿತವನ್ನೇ ತೆಗೆದುಕೊಳ್ಳೋಣ. ಒಬ್ಬಳು ಮೂರು ಮೀಟರು ಐದು ಸೆಂಟಿಮೀಟರು ಜಿಗಿದಳು. ಇನ್ನೊಬ್ಬಳು ಮೂರು ಮೀಟರು ನಲವತ್ತು ಸೆಂಟಿಮೀಟರು. ಮೊದಲನೆಯದನ್ನು ೩.೦೫ ಎಂದು ಬರೆಯುವ ಬದಲು ೩.೫ ಎಂದು ಬರೆದರೆ ಬಹುಮಾನವು ಸೋತವಳಿಗೆ ಹೋಗುವುದು. ಒಂದು ಸೊನ್ನೆಯು ಒಬ್ಬ ಹುಡುಗಿಯ ನ್ಯಾಯವಾದ ಪದಕವನ್ನು ಕಸಿದುಕೊಳ್ಳಬಲ್ಲದೆಂದರೆ ತರಗತಿಯಲ್ಲಿ ಅದನ್ನು ಅಲಕ್ಷಿಸುವವರಾರು? ೧೯೮೪ರ ಲಾಸ್ ಏಂಜಲೀಸಿನಲ್ಲಿ ಪಿ.ಟಿ. ಉಷಾ ಅವರಿಗೆ ಕಂಚು ತಪ್ಪಿದುದು ೫೫.೪೨ಕ್ಕೂ ೫೫.೪೧ಕ್ಕೂ ಇರುವ ಅಂತರದಲ್ಲಿ, ನೂರನೆಯ ಒಂದು ಭಾಗದ ಸ್ಥಾನದಲ್ಲಿ.

ಮಕ್ಕಳು ತಮ್ಮ ಜಿಗಿತವನ್ನು ತಾವೇ ಅಳೆದು, ತಮ್ಮ ಖೊ-ಖೊ ಅಂಕಗಳನ್ನು ತಾವೇ ಹಲಗೆಗೆ ಏರಿಸಿ, ತಿಂಗಳ ಕೊನೆಯಲ್ಲಿ ಕೂಡಿಸಲಿ. ದೊಡ್ಡ ಆಟಗಾರರ ಲೆಕ್ಕವು ಅದರ ಹಿಂದೆ ಬರಲಿ. ಆಡಲು ಹೋಗದೆ ಮೂಲೆಯಲ್ಲಿ ಕೂರುವ ಮಗುವೂ ಪ್ರತಿ ತರಗತಿಯಲ್ಲಿ ಇರುವುದು. ಹಲಗೆಯ ಅಧಿಕಾರವನ್ನು ಮೊದಲು ಅದಕ್ಕೇ ಕೊಡಬೇಕು.

ಇದಕ್ಕೆ ಇಲಾಖೆಯ ಸುತ್ತೋಲೆಗಾಗಿ ಕಾಯಬೇಕಾಗಿಲ್ಲ. ಬೇತಮಂಗಲದ ಶಾಲೆಗಳ ಶಾಲಾಭಿವೃದ್ಧಿ ಸಮಿತಿಯವರು ಒಬ್ಬ ಬಡಗಿಯನ್ನೂ ಒಬ್ಬ ತಗಡಿನ ಕೆಲಸದವನನ್ನೂ ಕರೆದರೆ ಸಾಕು. ಗ್ರಾಮಪಂಚಾಯತಿಯವರು ಬಣ್ಣದ ಖರ್ಚನ್ನು ವಹಿಸಲಿ. ಒಂದು ತಂಡಕ್ಕೆ ಬಿಡಿಯ ಕೊಕ್ಕೆಗೆ ಹತ್ತು ತಗಡುಗಳು, ಹತ್ತರ ಕೊಕ್ಕೆಗೆ ಹತ್ತು, ನೂರರ ಕೊಕ್ಕೆಗೆ ಒಂಬತ್ತು. ಒಟ್ಟು ೨೯, ಎರಡು ತಂಡಗಳಿಗೆ ೫೮. ಎಡಗಡೆಯ ಕೊಕ್ಕೆಗೆ ಸೊನ್ನೆಯ ತಗಡನ್ನು ಏಕೆ ಮಾಡಿಸಲಿಲ್ಲವೆಂದು ಮಕ್ಕಳು ಕೇಳುವರು. ಉಪಾಧ್ಯಾಯರು ಉತ್ತರ ಹೇಳಲು ಅವಸರಪಡಬಾರದು. ೪೫ ಓಟಗಳನ್ನು ಹಲಗೆಯಲ್ಲಿ ತೂಗುಹಾಕಿಸಿ, ಆ ಬರಿದಾದ ಕೊಕ್ಕೆಯನ್ನು ತೋರಿಸಿ, ಮಕ್ಕಳನ್ನೇ ಕೇಳಲಿ.