ಎಲ್ಲರ ಕೈಗೂ ಯಂತ್ರ ಕೊಟ್ಟರೆ ಸಾಕೇ?



ಇದು ಕಂಪ್ಯೂಟರ್ ಯುಗ ಅಂತ ಎಲ್ಲರೂ ಹೇಳುತ್ತಾರೆ. ಭಾಷಣ ಸ್ಪರ್ಧೆಯಲ್ಲಿ ನಾವೂ ಅದನ್ನೇ ಹೇಳಿ ಚಪ್ಪಾಳೆ ತಗೊಂಡಿದ್ದೇವೆ. ಆದರೆ ಕಂಪ್ಯೂಟರ್ ಶಾಲೆಗೆ ಬಂದ ಮೇಲೆ ಏನಾಗುತ್ತೆ ಅಂತ ಯಾರೂ ಹೇಳೋದಿಲ್ಲ. ಈಗ ನಮಗೆ ಬೇಕಾಗಿರೋದು ಆ ಮಾತು. ಯಾಕೆಂದರೆ ನಮ್ಮೂರಿನಿಂದ ಬೆಂಗಳೂರಿಗೆ ಹೋಗಿ ಕೆಲಸದಲ್ಲಿರುವ ಅಣ್ಣಂದಿರು ಎಲ್ಲಾ ಸೇರಿ ನಮ್ಮ ಶಾಲೆಗೆ ಏನಾದರೂ ಕೊಡುತ್ತೇವೆ ಅಂದಿದ್ದಾರೆ. ಏನು ಕೇಳಬೇಕು ಅಂತ ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ತೀರ್ಮಾನ ಆಗುತ್ತದೆ. ನಮ್ಮ ತರಗತಿಯಲ್ಲಿ ಕೇಳಿದರೆ ಬಹಳ ಜನ "ಒಬ್ಬೊಬ್ಬರಿಗೆ ಒಂದೊಂದು ಟ್ಯಾಬ್" ಅಂತಾರೆ. ಊರಿನ ದೊಡ್ಡವರು "ಸ್ಮಾರ್ಟ್ ಬೋರ್ಡ್ ಹಾಕ್ಸಿದ್ರೆ ವ್ಯಾನ್ ಹತ್ತಿ ಹೋಗೋ ಮಕ್ಕಳು ಇಲ್ಲೇ ಉಳೀತಾರೆ" ಅಂತಾರೆ. ಈ ವರ್ಷ ಒಂದನೇ ತರಗತಿಗೆ ಸೇರಿದವರು ಬರೀ ನಾಲ್ಕು ಜನ. ಆದ್ದರಿಂದ ಇದು ಆಟದ ಸಾಮಾನಿನ ಪ್ರಶ್ನೆ ಅಲ್ಲ, ನಮ್ಮ ಶಾಲೆ ಉಳಿಯುವ ಪ್ರಶ್ನೆ.

ತೀರ್ಮಾನ ಮಾಡೋಕೆ ಮುಂಚೆ, ಇದನ್ನು ನಮಗಿಂತ ಮೊದಲೇ ಮಾಡಿ ನೋಡಿದವರಿಗೆ ಏನಾಯಿತು ಅಂತ ತಿಳಿದುಕೊಳ್ಳಬೇಕು. ಆಫೀಸ್ ರೂಮಿನಲ್ಲಿರುವ ಪ್ರಪಂಚದ ಭೂಪಟ ನೋಡಿ. ದಕ್ಷಿಣ ಅಮೆರಿಕದ ಎಡಗಡೆ, ಪೆಸಿಫಿಕ್ ಸಾಗರದ ದಡದಲ್ಲಿ ಪೆರು ದೇಶ ಇದೆ. ಬಲಗಡೆ ಕೆಳಗೆ, ಬ್ರೆಜಿಲ್ ಮತ್ತು ಅರ್ಜೆಂಟೀನಾ ನಡುವೆ ಉರುಗ್ವೆ ಇದೆ. ಎರಡೂ ದೇಶಗಳು ಹೆಚ್ಚು ಕಡಿಮೆ ಒಂದೇ ಸಮಯದಲ್ಲಿ, ಒಂದೇ ಥರದ ಕಂಪ್ಯೂಟರನ್ನು ಸರ್ಕಾರಿ ಶಾಲೆಯ ಮಕ್ಕಳಿಗೆ ಕೊಟ್ಟವು. ಒಂದೇ ಬೀಜವನ್ನು ಎರಡು ಹೊಲದಲ್ಲಿ ಬಿತ್ತಿದ ಹಾಗೆ. ಆದ್ದರಿಂದ ಹೋಲಿಸಿ ನೋಡೋದು ಸುಲಭ.

ಮೊದಲು ಆ ಕಂಪ್ಯೂಟರಿನ ವಿಷಯ ಹೇಳುತ್ತೇನೆ. ಅಮೆರಿಕದ ಎಂ.ಐ.ಟಿ. ಎಂಬ ವಿದ್ಯಾಸಂಸ್ಥೆಯಲ್ಲಿದ್ದ ನಿಕೋಲಸ್ ನೆಗ್ರೊಪಾಂಟೆ ಎಂಬುವರು 2005ರಲ್ಲಿ "ಪ್ರತಿ ಮಗುವಿಗೂ ಒಂದು ಲ್ಯಾಪ್‌ಟಾಪ್" ಎಂಬ ಯೋಜನೆ ಶುರು ಮಾಡಿದರು. 100 ಡಾಲರಿಗೆ ಒಂದು ಕಂಪ್ಯೂಟರ್ ಕೊಡುತ್ತೇವೆ ಅಂದಿದ್ದರು. 2007ರ ಕೊನೆಯಲ್ಲಿ ಕಾರ್ಖಾನೆಯಿಂದ ಹೊರಗೆ ಬರುವ ಹೊತ್ತಿಗೆ ಅದರ ಬೆಲೆ ಸುಮಾರು 188 ಡಾಲರ್ ಆಗಿತ್ತು. ಅದರ ಹೆಸರು ಎಕ್ಸ್‌ಓ. ಹಸಿರು ಬಿಳಿ ಬಣ್ಣ, ಎತ್ತಿಕೊಂಡು ಹೋಗಲು ಒಂದು ಹಿಡಿ, ಮೇಲೆ ಮೊಲದ ಕಿವಿಯ ಹಾಗೆ ಎರಡು ಆಂಟೆನಾ. ಕೀಲಿಮಣೆಗೆ ರಬ್ಬರ್ ಹೊದಿಸಿದ್ದರಿಂದ ಧೂಳು, ನೀರು ಸುಲಭವಾಗಿ ಒಳಗೆ ಹೋಗುತ್ತಿರಲಿಲ್ಲ. ಬಿಸಿಲಿನಲ್ಲಿ ಕೂತರೂ ಪರದೆಯ ಅಕ್ಷರ ಕಾಣುತ್ತಿತ್ತು. ಹಳ್ಳಿ ಮಕ್ಕಳಿಗೇ ಅಂತ ಯೋಚಿಸಿ ಮಾಡಿದ ಯಂತ್ರ ಅದು. ನಮ್ಮ ದೇಶವನ್ನೂ ಕೇಳಿದ್ದರು. 2006ರಲ್ಲಿ ನಮ್ಮ ಕೇಂದ್ರ ಸರ್ಕಾರದ ಶಿಕ್ಷಣ ಇಲಾಖೆಯವರು, ಇದಕ್ಕಿಂತ ಮೊದಲು ತರಗತಿ ಕೋಣೆ ಮತ್ತು ಶಿಕ್ಷಕರು ಬೇಕು ಅಂತ ಹೇಳಿ ಬೇಡ ಅಂದರು.

ಈಗ ಪೆರುವಿನ ಕಥೆ. ಪೆರು ದೊಡ್ಡ ದೇಶ. ನಮ್ಮ ಕರ್ನಾಟಕದ ಆರು ಪಟ್ಟಿಗಿಂತ ದೊಡ್ಡದು. ಒಂದು ಕಡೆ ಸಮುದ್ರ ದಡದ ಮರುಭೂಮಿ, ನಡುವೆ ಆಂಡೀಸ್ ಪರ್ವತ, ಆ ಕಡೆ ಅಮೆಜಾನ್ ಕಾಡು. ನಾವು ದಿನಾ ತಿನ್ನುವ ಆಲೂಗಡ್ಡೆಯನ್ನು ಜಗತ್ತಿನಲ್ಲಿ ಮೊದಲು ಬೆಳೆದದ್ದು ಆ ಬೆಟ್ಟಗಳ ರೈತರು. 2007ರಲ್ಲಿ ಅರಾವಾಯ್ ಎಂಬ ಬೆಟ್ಟದ ಹಳ್ಳಿಯ ಶಾಲೆಯಲ್ಲಿ ಮೊದಲು ಎಕ್ಸ್‌ಓ ಕೊಟ್ಟು ನೋಡಿದರು. 2008ರಿಂದ ದೇಶದ ಬೇರೆ ಕಡೆ ಹಂಚಲು ಶುರು ಮಾಡಿದರು. ಪಟ್ಟಣದವರಿಗೆ ಮೊದಲು ಕೊಡಲಿಲ್ಲ. ತೀರಾ ಬಡ ಹಳ್ಳಿಗಳಿಗೆ, ಒಬ್ಬರೇ ಮೇಷ್ಟ್ರು ಎಲ್ಲಾ ತರಗತಿಗೂ ಪಾಠ ಮಾಡುವ ಸಣ್ಣ ಶಾಲೆಗಳಿಗೆ ಮೊದಲು ಕೊಟ್ಟರು. ಈ ಉದ್ದೇಶವನ್ನು ನಾವು ಮೆಚ್ಚಬೇಕು. 2012ರ ಹೊತ್ತಿಗೆ 8 ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್ ಹಂಚಿದ್ದರು. ಬೇರೆ ಯಾವ ದೇಶವೂ ಅಷ್ಟು ಎಕ್ಸ್‌ಓ ತಗೊಂಡಿರಲಿಲ್ಲ.

ಆಮೇಲೆ ಏನಾಯಿತು? ಇಂಟರ್-ಅಮೆರಿಕನ್ ಡೆವಲಪ್‌ಮೆಂಟ್ ಬ್ಯಾಂಕಿನ ತಜ್ಞರು ಪೆರುವಿನ 319 ಹಳ್ಳಿ ಶಾಲೆಗಳನ್ನು ಪರೀಕ್ಷಿಸಿ 2012ರಲ್ಲಿ ವರದಿ ಕೊಟ್ಟರು. ಕಂಪ್ಯೂಟರ್ ಸಿಕ್ಕಿದ ಶಾಲೆ ಮತ್ತು ಸಿಗದ ಶಾಲೆ ಎರಡನ್ನೂ ಹೋಲಿಸಿದರು. ಸುಮಾರು 15 ತಿಂಗಳು ಕಳೆದ ಮೇಲೆ ನೋಡಿದರೆ ಗಣಿತದಲ್ಲೂ ಭಾಷೆಯಲ್ಲೂ ವ್ಯತ್ಯಾಸ ಇರಲಿಲ್ಲ. ಒಗಟಿನಂಥ ಬುದ್ಧಿ ಪರೀಕ್ಷೆಯಲ್ಲಿ ಮಾತ್ರ ಕಂಪ್ಯೂಟರ್ ಸಿಕ್ಕಿದ ಮಕ್ಕಳು ಸ್ವಲ್ಪ ಮುಂದೆ ಇದ್ದರು. ಹೆಚ್ಚಿನ ಶಾಲೆಗಳಲ್ಲಿ ಇಂಟರ್ನೆಟ್ ಇರಲಿಲ್ಲ. ಇನ್ನೊಂದು ಸಂಗತಿ ಕೇಳಿ. ಕಂಪ್ಯೂಟರನ್ನು ಮಕ್ಕಳು ಮನೆಗೆ ತಗೊಂಡು ಹೋಗಲಿ ಅಂತಲೇ ಕೊಟ್ಟಿದ್ದು. ಆದರೆ ಅರ್ಧಕ್ಕಿಂತ ಹೆಚ್ಚು ಮಕ್ಕಳು ಮನೆಗೆ ಒಯ್ಯುತ್ತಿರಲಿಲ್ಲ. ಕೆಲವು ಶಾಲೆಯವರು ಕೆಟ್ಟು ಹೋಗುತ್ತೆ ಅಂತ ಕೊಡುತ್ತಿರಲಿಲ್ಲ. ಕೆಲವು ತಂದೆ ತಾಯಿ "ಕಳೆದು ಹೋದ್ರೆ ದುಡ್ಡು ನಾವು ಕಟ್ಬೇಕಾಗುತ್ತೆ" ಅಂತ ಹೆದರಿದರು. ಇದು ಪೆರುವಿನ ಮಾತಾದರೂ ನಮ್ಮ ಮನೆಗಳಲ್ಲೇ ಕೇಳಿದ ಹಾಗಿದೆ ಅಲ್ಲವೇ?

ಈಗ ಉರುಗ್ವೆಗೆ ಹೋಗೋಣ. ಇದು ಕರ್ನಾಟಕಕ್ಕಿಂತ ಸ್ವಲ್ಪ ಚಿಕ್ಕ ದೇಶ. ಜನ ಸುಮಾರು 35 ಲಕ್ಷ ಮಾತ್ರ. ನಮ್ಮ ಬೆಂಗಳೂರಿನಲ್ಲೇ ಅದಕ್ಕಿಂತ ಎಷ್ಟೋ ಹೆಚ್ಚು ಜನ ಇದ್ದಾರೆ. ಬಯಲು ನೆಲ, ಹುಲ್ಲುಗಾವಲು. ಅಲ್ಲಿ ಜನರಿಗಿಂತ ದನಗಳೇ ಜಾಸ್ತಿ. 2006ರ ಡಿಸೆಂಬರಿನಲ್ಲಿ ಅಲ್ಲಿನ ಅಧ್ಯಕ್ಷರಾಗಿದ್ದ ತಬಾರೆ ವಾಸ್ಕೆಸ್ ಅವರು ಎಲ್ಲಾ ಸರ್ಕಾರಿ ಶಾಲೆ ಮಕ್ಕಳಿಗೂ, ಮೇಷ್ಟ್ರುಗಳಿಗೂ ಕಂಪ್ಯೂಟರ್ ಕೊಡುತ್ತೇವೆ ಅಂದರು. ಯೋಜನೆಗೆ ಸೇಬಾಲ್ ಅಂತ ಹೆಸರಿಟ್ಟರು. ಸೇಬೋ ಅಂದರೆ ಅವರ ರಾಷ್ಟ್ರೀಯ ಹೂವು, ನಮ್ಮ ಹಾಲುವಾಣ ಮರದ ಜಾತಿಗೆ ಸೇರಿದ ಕೆಂಪು ಹೂವು. 2007ರ ಮೇ ತಿಂಗಳಲ್ಲಿ ವಿಲಾ ಕಾರ್ಡಾಲ್ ಎಂಬ ಊರಿನಲ್ಲಿ ಮೊದಲು ಶುರು ಮಾಡಿದರು. ಅದು ಹಾಲಿನ ವ್ಯಾಪಾರದಿಂದ ಬದುಕುವ ಸಣ್ಣ ಊರು. ಶಾಲೆಯಲ್ಲಿ ಸುಮಾರು 150 ಮಕ್ಕಳು. 2009ರ ಅಕ್ಟೋಬರ್ ಹೊತ್ತಿಗೆ ದೇಶದ ಎಲ್ಲಾ ಸರ್ಕಾರಿ ಪ್ರಾಥಮಿಕ ಶಾಲೆಯ ಮಕ್ಕಳ ಕೈಗೂ ಕಂಪ್ಯೂಟರ್ ಬಂದಿತ್ತು. ಒಟ್ಟು ಮೂರೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳು, ಸುಮಾರು 18 ಸಾವಿರ ಮೇಷ್ಟ್ರುಗಳು.

ಯಂತ್ರದ ಜೊತೆಗೆ ಇನ್ನೂ ಏನೇನು ಮಾಡಿದರು ನೋಡಿ. ಸರ್ಕಾರದ ಟೆಲಿಫೋನ್ ಕಂಪನಿಯಿಂದ ಶಾಲೆ ಶಾಲೆಗೂ ಇಂಟರ್ನೆಟ್ ಎಳೆಸಿದರು. ಕರೆಂಟ್ ಇಲ್ಲದ ಹಳ್ಳಿ ಶಾಲೆಗಳ ಮೇಲೆ ಸೌರಫಲಕ ಹಾಕಿಸಿದರು. ಅಲ್ಲೂ ಕಂಪ್ಯೂಟರ್ ಕೆಟ್ಟವು, ಮಕ್ಕಳ ಕೈಯಿಂದ ಬಿದ್ದು ಪರದೆ ಒಡೆದವು. ಆದರೆ ಕೆಟ್ಟದ್ದನ್ನು ಸರಿ ಮಾಡುವವರು ವ್ಯಾನಿನಲ್ಲಿ ಊರೂರಿಗೆ ಬಂದರು. ಮೇಷ್ಟ್ರುಗಳಿಗೆ ಸಹಾಯ ಮಾಡಲು ಬೇರೆ ಮೇಷ್ಟ್ರುಗಳನ್ನೇ ನೇಮಿಸಿದರು. ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಹಳ್ಳಿಗಳಿಗೆ ಹೋಗಿ ಹೇಳಿಕೊಟ್ಟರು. ಊರಿನ ಸ್ವಯಂಸೇವಕರೂ ಕೈ ಜೋಡಿಸಿದರು.

ಇಲ್ಲಿ ಒಂದು ನಿಜ ಹೇಳಲೇಬೇಕು. ಇಷ್ಟೆಲ್ಲಾ ಮಾಡಿದರೂ ಉರುಗ್ವೆಯಲ್ಲಿ ಬರೀ ಕಂಪ್ಯೂಟರ್ ಕೊಟ್ಟ ಮಾತ್ರಕ್ಕೆ ಅಂಕ ಏರಲಿಲ್ಲ. ಅಲ್ಲಿನ ವಿಶ್ವವಿದ್ಯಾಲಯದವರೇ 2014ರಲ್ಲಿ ಲೆಕ್ಕ ಹಾಕಿ, ಗಣಿತದಲ್ಲೂ ಓದಿನಲ್ಲೂ ಇದರಿಂದ ಹೆಚ್ಚಳ ಕಾಣಲಿಲ್ಲ ಅಂತ ಬರೆದರು. ಹಾಗಾದರೆ ಎರಡೂ ದೇಶ ಒಂದೇ ಆಯಿತಲ್ಲ ಅಂತ ನೀವು ಕೇಳಬಹುದು. ಇಲ್ಲ. ಉರುಗ್ವೆಯವರ ಬಳಿ ಚೆನ್ನಾಗಿ ನಡೆಯುವ ಯಂತ್ರ, ಇಂಟರ್ನೆಟ್, ಸರಿ ಮಾಡುವ ಜನ ಎಲ್ಲಾ ಉಳಿದಿತ್ತು. ಆದ್ದರಿಂದ ಮುಂದಿನ ಪ್ರಶ್ನೆ ಕೇಳಲು ಅವರಿಗೆ ಆಯಿತು. ನಮ್ಮ ಶಾಲೆಯಲ್ಲಿ ಏನಿಲ್ಲ? ಅದನ್ನು ಇದರಿಂದ ತರಬಹುದಾ?

ಅವರಲ್ಲಿ ಇಲ್ಲದೇ ಇದ್ದದ್ದು ಇಂಗ್ಲಿಷ್ ಮೇಷ್ಟ್ರು. ಆದ್ದರಿಂದ 2012ರಲ್ಲಿ ಒಂದು ಹೊಸ ಕೆಲಸ ಶುರು ಮಾಡಿದರು. ತರಗತಿಯಲ್ಲಿ ದೊಡ್ಡ ಪರದೆ ಇಟ್ಟರು. ವಾರಕ್ಕೊಂದು ದಿನ ದೂರದಲ್ಲಿರುವ ಇಂಗ್ಲಿಷ್ ಟೀಚರ್ ಅದರಲ್ಲಿ ಬಂದು ನಾಲ್ಕು, ಐದು, ಆರನೇ ತರಗತಿಗೆ ಪಾಠ ಮಾಡುತ್ತಾರೆ. ಕೆಲವರು ಪಕ್ಕದ ಅರ್ಜೆಂಟೀನಾದಿಂದ, ಕೆಲವರು ಎಷ್ಟೋ ದೂರದ ಫಿಲಿಪ್ಪೀನ್ಸಿನಿಂದ ಪಾಠ ಮಾಡಿದರು. ಇದು ಟಿವಿ ನೋಡಿದ ಹಾಗಲ್ಲ. ಮಕ್ಕಳು ಮಾತಾಡಿದರೆ ಅವರಿಗೆ ಕೇಳಿಸುತ್ತೆ, ತಪ್ಪು ಹೇಳಿದರೆ ತಿದ್ದುತ್ತಾರೆ. ಉಳಿದ ದಿನ ಅದೇ ಪಾಠವನ್ನು ತರಗತಿಯ ಮೇಷ್ಟ್ರೇ ಮುಂದುವರಿಸುತ್ತಾರೆ. ಅವರಿಗೆ ಇಂಗ್ಲಿಷ್ ಚೆನ್ನಾಗಿ ಬರದಿದ್ದರೂ ಪರವಾಗಿಲ್ಲ, ಮಕ್ಕಳ ಜೊತೆಗೆ ತಾವೂ ಕಲಿಯುತ್ತಾರೆ. ನನಗೆ ಇದು ಬಹಳ ಹಿಡಿಸಿತು. ಯಂತ್ರ ಮೇಷ್ಟ್ರನ್ನು ತೆಗೆದು ಹಾಕಲಿಲ್ಲ. ಇನ್ನೊಬ್ಬ ಮೇಷ್ಟ್ರನ್ನು ಕರೆದುಕೊಂಡು ಬಂತು.

2020ರಲ್ಲಿ ಕೊರೊನಾ ಬಂತು. ಆಗ ನಾವಿನ್ನೂ ಎರಡನೇ ತರಗತಿ. ನಮ್ಮ ರಾಜ್ಯದಲ್ಲಿ ವಿದ್ಯಾಗಮ ಅಂತ ಮಾಡಿ, ಮೇಷ್ಟ್ರುಗಳು ದೇವಸ್ಥಾನದ ಜಗಲಿಯಲ್ಲಿ, ಮರದ ಕೆಳಗೆ ಪಾಠ ಮಾಡಿದ್ದು ನಿಮಗೆ ನೆನಪಿರಬಹುದು. ಅದೇ ವರ್ಷ ಪೆರುವಿನಲ್ಲಿ ಶಾಲೆ ಮುಚ್ಚಿದ ಮೇಲೆ ಏಪ್ರಿಲಿನಲ್ಲಿ ರೇಡಿಯೋ, ಟಿವಿ, ಇಂಟರ್ನೆಟ್ ಮೂಲಕ ಪಾಠ ಶುರು ಮಾಡಿದರು. ರೇಡಿಯೋ ಪಾಠ ಕೆಚುವಾ ಮುಂತಾದ ಅಲ್ಲಿನ ಮೂಲ ಜನರ ಭಾಷೆಗಳಲ್ಲೂ ಬಂತು. ಇದು ಒಳ್ಳೆಯ ಕೆಲಸ. ಆದರೆ ಮೊದಲು ಹಂಚಿದ ಲಕ್ಷಾಂತರ ಎಕ್ಸ್‌ಓ ಆಗ ಹಳೆಯದಾಗಿದ್ದವು. ಸರ್ಕಾರ ಹೊಸದಾಗಿ ಟ್ಯಾಬ್ ಕೊಳ್ಳಲು ಹೊರಟು, ಮೊದಲ ಖರೀದಿ ರದ್ದಾಗಿ, ಹೆಚ್ಚಿನ ಮಕ್ಕಳ ಕೈಗೆ ಅದು ಸೇರಿದ್ದು 2021ರಲ್ಲಿ. ಉರುಗ್ವೆಯಲ್ಲಿ ಹಾಗಾಗಲಿಲ್ಲ. ಹದಿಮೂರು ವರ್ಷದಿಂದ ನಡೆಸಿಕೊಂಡು ಬಂದಿದ್ದ ಸೇಬಾಲ್ ಅವರಿಗೆ ಇತ್ತು, ಅದರಲ್ಲೇ ಪಾಠ ಮುಂದುವರಿಯಿತು. ಅದಕ್ಕಿಂತ ಹೆಚ್ಚಾಗಿ, ಅವರು 2020ರ ಏಪ್ರಿಲ್ 22ರಂದೇ ಹಳ್ಳಿ ಶಾಲೆಗಳ ಬಾಗಿಲು ತೆರೆದರು. ಕಂಪ್ಯೂಟರ್ ಇದ್ದವರೇ ಶಾಲೆಯನ್ನು ಬೇಗ ತೆರೆದದ್ದು ನೋಡಿ! ಯಂತ್ರ ಎಷ್ಟಿದ್ದರೂ ಮಕ್ಕಳು ಶಾಲೆಗೇ ಬರಬೇಕು ಅಂತ ಅವರಿಗೆ ಗೊತ್ತಿತ್ತು.

"ಉರುಗ್ವೆ ಚಿಕ್ಕ ದೇಶ, ದುಡ್ಡೂ ಇದೆ, ಬಯಲು ಸೀಮೆ, ಅದಕ್ಕೇ ಆಯ್ತು" ಅಂತ ಯಾರಾದರೂ ಹೇಳಬಹುದು. ಅದು ನಿಜವೇ. ಪೆರುವಿನ ಬೆಟ್ಟದ ಮೇಲಿನ ಶಾಲೆಗೆ ತಂತಿ ಎಳೆಯುವುದು ಬಹಳ ಕಷ್ಟ. ಅಲ್ಲಿನ ಮೇಷ್ಟ್ರುಗಳ ತಪ್ಪು ಅಂತ ನಾನು ಹೇಳುತ್ತಿಲ್ಲ. ಒಬ್ಬರೇ ಆರು ತರಗತಿ ನೋಡಿಕೊಂಡು, ಜೊತೆಗೆ ಅರವತ್ತು ಕಂಪ್ಯೂಟರ್ ನೋಡಿಕೊಳ್ಳಿ ಅಂದರೆ ಯಾರಿಗೆ ತಾನೆ ಆಗುತ್ತದೆ? ಆದರೆ ಅದೇ ಕಾರಣಕ್ಕೆ, ಕಷ್ಟ ಇರುವ ಕಡೆ ಯಂತ್ರಕ್ಕಿಂತ ಮೊದಲು ಉಳಿದ ಸಿದ್ಧತೆ ಬೇಕು ಅಂತ ನನ್ನ ವಾದ. ಹಸು ಕೊಟ್ಟು ಹುಲ್ಲಿಗೆ, ಕೊಟ್ಟಿಗೆಗೆ ದಾರಿ ಮಾಡದಿದ್ದರೆ ಹಾಲು ಎಲ್ಲಿಂದ ಬರುತ್ತೆ?

ದೂರದ ಮಾತು ಸಾಕು, ನಮ್ಮ ಕಂಪ್ಯೂಟರ್ ಕೋಣೆಗೆ ಬನ್ನಿ. ಅಲ್ಲಿ ಐದು ಕಂಪ್ಯೂಟರ್ ಇವೆ. ಮೂರು ಆನ್ ಆಗೋದಿಲ್ಲ. ಯುಪಿಎಸ್ ಬ್ಯಾಟರಿ ಹೋಗಿ ಎರಡು ವರ್ಷ ಆಯಿತು. ಉಳಿದ ಎರಡಕ್ಕೆ ನಾವು ಶಾಲೆಯಲ್ಲಿರುವ ಹೊತ್ತಿನಲ್ಲಿ ಕರೆಂಟ್ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಇದರಲ್ಲಿ ಒಬ್ಬರ ತಪ್ಪು ಅಂತ ಇಲ್ಲ. ರಿಪೇರಿಗೆ ದುಡ್ಡು ಇಡಬೇಕು ಅಂತ ಕೊಟ್ಟವರೂ ಹೇಳಲಿಲ್ಲ, ಇಸ್ಕೊಂಡವರೂ ಕೇಳಲಿಲ್ಲ. ಈಗ ಟ್ಯಾಬ್ ಬಂದರೂ ಇದೇ ಗತಿ ಆದರೆ ಪೆರುವಿನ ಕಥೆಯೇ ನಮ್ಮ ಕಥೆ ಆಗುತ್ತದೆ. ವ್ಯಾನ್ ಹತ್ತುವ ಮಕ್ಕಳೂ ನಿಲ್ಲೋದಿಲ್ಲ. ಅವರ ಮನೆಯವರು ಯಂತ್ರ ನೋಡಿ ಕಳಿಸುತ್ತಿಲ್ಲ, ಇಂಗ್ಲಿಷ್ ಕಲೀಲಿ ಅಂತ ಕಳಿಸುತ್ತಿದ್ದಾರೆ.

ಆದ್ದರಿಂದ ಸಭೆಯಲ್ಲಿ ಹೀಗೆ ಕೇಳಬೇಕು ಅಂತ ನನ್ನ ಅಭಿಪ್ರಾಯ.

ಒಂದನೆಯದು, ಒಬ್ಬೊಬ್ಬರಿಗೆ ಟ್ಯಾಬ್ ಬೇಡ. ಇರುವ ಐದು ಕಂಪ್ಯೂಟರ್ ಸರಿಯಾಗಲಿ, ಹೊಸ ಬ್ಯಾಟರಿ ಬರಲಿ. ಆಗದಿದ್ದರೆ ಸೌರಫಲಕ ಹಾಕಿಸಲಿ.

ಎರಡನೆಯದು, ಕೊಡುವ ದುಡ್ಡಿನಲ್ಲಿ ಒಂದು ಪಾಲನ್ನು ರಿಪೇರಿಗೆ ಅಂತಲೇ ಶಾಲೆಯ ಖಾತೆಯಲ್ಲಿ ಬೇರೆ ಇಡಲಿ.

ಮೂರನೆಯದು, ಒಂದು ದೊಡ್ಡ ಪರದೆ ಮತ್ತು ಇಂಟರ್ನೆಟ್ ಬರಲಿ. ಬೆಂಗಳೂರಿನ ಅಣ್ಣಂದಿರು, ಅಕ್ಕಂದಿರೇ ಸರದಿಯಂತೆ ವಾರಕ್ಕೆ ಒಂದು ಗಂಟೆ ಅದರಲ್ಲಿ ಬಂದು ನಮ್ಮ ಜೊತೆ ಇಂಗ್ಲಿಷಿನಲ್ಲಿ ಮಾತಾಡಲಿ. ದುಡ್ಡಿಗಿಂತ ಅವರ ಆ ಒಂದು ಗಂಟೆ ನಮಗೆ ಹೆಚ್ಚು.

ನಾಲ್ಕನೆಯದು, ನಮ್ಮ ಗುರುಗಳಿಗೆ ಹೇಳಿಕೊಡಲು ಯಾರಾದರೂ ಬಂದು ಕೆಲವು ದಿನ ಇಲ್ಲೇ ಇರಲಿ. ಬರೀ ಒಂದು ದಿನದ ತರಬೇತಿ ಕೊಟ್ಟು ಹೋಗುವುದು ಬೇಡ. ಮೇಷ್ಟ್ರೇ, ಮೇಡಂ, ಇದನ್ನು ಬರೆದದ್ದಕ್ಕೆ ತಪ್ಪು ತಿಳಿಯಬೇಡಿ. ಉರುಗ್ವೆಯ ಮೇಷ್ಟ್ರುಗಳಿಗೂ ಜೊತೆಗೆ ಒಬ್ಬರು ನಿಂತರು, ಅದಕ್ಕೇ ಹೇಳುತ್ತಿದ್ದೇನೆ.

ಐದನೆಯದು ನಮ್ಮ ಪಾಲಿನದು. ಕೋಣೆ ಗುಡಿಸುವುದು, ಧೂಳು ಒರೆಸುವುದು, ಯಾವ ತರಗತಿಗೆ ಯಾವಾಗ ಅಂತ ಪಟ್ಟಿ ಬರೆದು ಬಾಗಿಲಿಗೆ ಅಂಟಿಸುವುದು, ನಾಲ್ಕನೇ ಐದನೇ ತರಗತಿಯ ತಮ್ಮ ತಂಗಿಯರಿಗೆ ಹೇಳಿಕೊಡುವುದು. ಇದಕ್ಕೆ ಯಾರ ದುಡ್ಡೂ ಬೇಡ.

ಟ್ಯಾಬ್ ಬೇಕು ಅನ್ನುವ ಗೆಳೆಯರಿಗೆ ನನ್ನ ಮೇಲೆ ಸಿಟ್ಟು ಬರಬಹುದು. ಬಂದರೆ ಈ ಲೇಖನದ ಕೆಳಗೆ ಜಾಗ ಬಿಟ್ಟಿದ್ದೇನೆ, ನಿಮ್ಮ ಉತ್ತರ ಬರೆದು ಅಂಟಿಸಿ. ಆದರೆ ಒಂದು ಪ್ರಶ್ನೆಗೆ ಉತ್ತರ ಇರಲಿ. ಕೆಟ್ಟ ಮೇಲೆ ಸರಿ ಮಾಡುವವರು ಯಾರು? ಅವರ ಹೆಸರನ್ನು ಸಭೆಯ ಪುಸ್ತಕದಲ್ಲಿ ಬರೆಸಿದ ಮೇಲೆ ಏನು ಬೇಕಾದರೂ ಕೇಳೋಣ.

ಇಂತಿ,
ಏಳನೇ ತರಗತಿಯ ವಿದ್ಯಾರ್ಥಿನಿ